ಸಿಪ್ಯಾಪ್ ಕೈಗೆ ಬರುವವರೆಗೆ ಸುಸ್ತಿನ ಜೊತೆ ದಿನ ದೂಡುವುದು ಹೇಗೆ

ಮಾರ್ಚ್‌ನಲ್ಲಿ ನಾನೊಂದು ಲಗ್ನಪತ್ರಿಕೆಯ ಪ್ರೂಫ್ ನೋಡಿದೆ. ಗದಗ-ಬೆಟಗೇರಿಯ ಒಂದು ಪ್ರೆಸ್‌ನಲ್ಲಿ 11 ವರ್ಷದಿಂದ ಡಿಟಿಪಿ ಮಾಡುವುದು, ಪ್ರೂಫ್ ತಿದ್ದುವುದು ನನ್ನ ಕೆಲಸ. ಅವತ್ತು ಆ ಪತ್ರಿಕೆಯನ್ನು ಮೂರು ಸಲ ಓದಿದೆ, ಮೂರು ಸಲವೂ ಎಲ್ಲಾ ಸರಿ ಇದೆ ಅನ್ನಿಸಿತು. 500 ಕಾರ್ಡ್ ಅಚ್ಚಾಗಿ, ಅವರ ಮನೆ ಮುಟ್ಟಿ, ಮೊದಲ ಕಾರ್ಡಿಗೆ ಅರಿಷಿಣ-ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟ ಮೇಲೆ ಹುಡುಗಿಯ ಕಾಕಾ ಫೋನ್ ಮಾಡಿದರು. "ಅಕ್ಕಾರ, ತಾರೀಖು ಬರೋಬ್ಬರಿ ಐತ್ರಿ, ವಾರ ತಪ್ಪೈತಿ. ಶುಕ್ರವಾರ ಇದ್ದದ್ದು ಗುರುವಾರ ಆಗೈತಿ." ಅವರು ಬೈಯಲಿಲ್ಲ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಮೂರು ಸಲ ಓದುವಾಗ ಕಣ್ಣು ತೆರೆದೇ ಇತ್ತು, ನಾನು ಮಾತ್ರ ಒಳಗೆ ನಿದ್ದೆಯಲ್ಲಿದ್ದೆ.

ಅದಕ್ಕೂ ಮುಂಚೆ ಒಂದು ವರ್ಷ ಎಲ್ಲರೂ ಒಂದೊಂದು ಹೇಳುತ್ತಿದ್ದರು. ಥೈರಾಯ್ಡ್ ಇರಬೇಕು, ರಕ್ತ ಕಡಿಮೆ ಇರಬೇಕು, 48 ವಯಸ್ಸು, ಮುಟ್ಟು ನಿಲ್ಲುವ ಕಾಲ, ಸುಸ್ತು ಇದ್ದದ್ದೇ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಇವೆಲ್ಲ ಒಂದೇ ಗಂಟಿನ ಎಳೆಗಳು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ. ಕೊನೆಗೆ ಪಿಯುಸಿ ಓದುವ ಮಗಳು ಒಂದು ರಾತ್ರಿ ಪರೀಕ್ಷೆಗೆ ಓದುತ್ತಾ ಕೂತಾಗ ನನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಅದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಗೊರಕೆ ಏರುತ್ತಾ ಹೋಗುತ್ತದೆ, ಥಟ್ಟನೆ ನಿಲ್ಲುತ್ತದೆ. ಫ್ಯಾನಿನ ಸದ್ದು. ದೂರದಲ್ಲಿ ನಾಯಿ ಬೊಗಳುತ್ತದೆ. ಮಗಳು ಪಿಸುಮಾತಿನಲ್ಲಿ ಎಣಿಸುತ್ತಿದ್ದಾಳೆ, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತಮೂರಕ್ಕೆ ಬಾವಿಯಲ್ಲಿ ಮುಳುಗಿ ಮೇಲೆದ್ದವರ ಹಾಗೆ ಗಕ್ಕನೆ ಉಸಿರು. ಆಮೇಲೆ ಅವಳ ಅಳುದನಿ, "ಅವ್ವಾ, ನೀ ಉಸಿರಾಡವಲ್ಲಿ."

ಆ ರೆಕಾರ್ಡಿಂಗ್ ಹಿಡಿದುಕೊಂಡು ಹುಬ್ಬಳ್ಳಿಗೆ ಹೋದೆ. ಸ್ಲೀಪ್ ಟೆಸ್ಟ್ ಆಯಿತು. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ, ಅದೂ ತೀವ್ರ. ಸಿಪ್ಯಾಪ್, ಅಂದರೆ ಮಲಗಿದಾಗ ಮೂಗಿಗೆ ಒತ್ತಡದಲ್ಲಿ ಗಾಳಿ ಬಿಡುವ ಮೆಷಿನ್ ಬೇಕು, ಅದರ ಒತ್ತಡ ಎಷ್ಟಿರಬೇಕು ಅಂತ ನೋಡಲು ಇನ್ನೊಂದು ರಾತ್ರಿ ಅಲ್ಲೇ ಮಲಗಬೇಕು, ಅದಕ್ಕೆ ಐದು ವಾರದ ಮೇಲೆ ತಾರೀಖು. ಈಗ ನಾಲ್ಕನೇ ವಾರ ನಡೀತಿದೆ. ರೋಗ ಏನು ಅಂತ ಗೊತ್ತಾಗಿದೆ, ಔಷಧ ಏನು ಅಂತಲೂ ಗೊತ್ತಾಗಿದೆ, ಕೈಗೆ ಮಾತ್ರ ಸಿಕ್ಕಿಲ್ಲ. ಇಂಥ ಸ್ಥಿತಿಯಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವಾರದಲ್ಲಿ ಡಾಕ್ಟರ್ ಹೇಳಿದ್ದು, ನಾನು ಮಾಡಿ ನೋಡಿದ್ದು, ಎರಡೂ ಇವೆ.

ಇದು ಸೋಮಾರಿತನ ಅಲ್ಲ

ಮೊದಲು ಇದನ್ನು ಮನಸ್ಸಿಗೆ ಹಾಕಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ನಿದ್ದೆಯಲ್ಲಿ ಎಲ್ಲರಿಗೂ ಗಂಟಲಿನ ಸ್ನಾಯು ಸಡಿಲವಾಗುತ್ತವೆ. ನಮಗೆ ಎಷ್ಟು ಸಡಿಲ ಆಗುತ್ತವೆ ಅಂದರೆ ಗಾಳಿಯ ದಾರಿಯೇ ಮುಚ್ಚಿಕೊಳ್ಳುತ್ತದೆ. ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಉಸಿರು ಬರುತ್ತದೆ, ಮತ್ತೆ ನಿದ್ದೆ. ಎದ್ದದ್ದು ನಮಗೆ ನೆನಪೇ ಇರುವುದಿಲ್ಲ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತದ್ದು, ಅರ್ಧಂಬರ್ಧ ಆದದ್ದು ಎಲ್ಲಾ ಸೇರಿ ಗಂಟೆಗೆ ಎಷ್ಟು ಸಲ ಎಂಬ ಲೆಕ್ಕಕ್ಕೆ ಎಎಚ್‌ಐ ಅನ್ನುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಅದನ್ನೇ ಮೊದಲು ಹುಡುಕಿ. 5ರ ಒಳಗಿದ್ದರೆ ಚಿಂತೆ ಇಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು 38. ಏಳು ಗಂಟೆ ಮಲಗಿದರೆ 266 ಸಲ ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗೆ. ಒಂದೇ ಒಂದು ರಾತ್ರಿ ಹಾಗೆ ಎಬ್ಬಿಸಿದರೆ ಯಾರೂ ಮರುದಿನ ನೆಟ್ಟಗೆ ನಿಲ್ಲಲಾರರು. ನೀವು ವರ್ಷಗಟ್ಟಲೆ ನಿಂತಿದ್ದೀರಿ.

ರಾತ್ರಿ ಮೂತ್ರಕ್ಕೆ ಏಳುವುದೂ ಇದರದ್ದೇ ಭಾಗ. ಮುಚ್ಚಿದ ದಾರಿಯಲ್ಲಿ ಉಸಿರು ಎಳೆಯಲು ಎದೆ ಹೆಣಗಾಡುವಾಗ ಹೃದಯ ಹಿಗ್ಗುತ್ತದೆ, ಮೈಯಲ್ಲಿ ನೀರು ಜಾಸ್ತಿ ಆಗಿದೆ ಅಂದುಕೊಂಡು ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ. ಶುಗರ್ ಇರಬಹುದು ಅಂತ ನಾನು ಎಷ್ಟು ಹೆದರಿದ್ದೆ! ಶುಗರ್ ಟೆಸ್ಟ್ ಮಾಡಿಸಲೇಬೇಕು, ಆದರೆ ಕಾರಣ ಇದೂ ಆಗಿರಬಹುದು ಅಂತ ತಿಳಿದಿರಲಿ.

ಇನ್ನೊಂದು ಮಾತು. ದಪ್ಪ ಇರುವ ಗಂಡಸರಿಗೆ ಮಾತ್ರ ಇದು ಬರುತ್ತದೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ ಇದೆ. ಹಾಗೇನಿಲ್ಲ. ದವಡೆ ಚಿಕ್ಕದಿದ್ದರೆ, ಹಿಂದೆ ಸರಿದಿದ್ದರೆ ತೆಳ್ಳಗಿದ್ದವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಜಾಸ್ತಿಯಾಗುತ್ತದೆ. ಹೆಂಗಸರು ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವುದು ಅಂತ ಹೇಳಿಕೊಂಡು ಹೋಗುವುದರಿಂದ ಪತ್ತೆಯಾಗುವುದೂ ತಡ.

ಗಾಡಿ ಓಡಿಸುವುದು ಬಿಡಿ, ಇವತ್ತಿನಿಂದಲೇ

ಈ ಬರಹದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಚಿಕಿತ್ಸೆ ಶುರುವಾಗಿ ಹಗಲಿನ ತೂಕಡಿಕೆ ಹೋಗುವವರೆಗೆ ಗಾಡಿ ಓಡಿಸಬೇಡಿ. ಮುಳಗುಂದ ನಾಕಾದಲ್ಲಿ ಸ್ಕೂಟಿ ನಿಲ್ಲಿಸಿ ಕಾಲು ಊರಿದ್ದೆ, ಹಿಂದಿನ ಟೆಂಪೋದವನು ಹಾರ್ನ್ ಹೊಡೆದಾಗಲೇ ಎಚ್ಚರವಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ನಿಂತಿದ್ದೆ, ಬದುಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಾಲ್ಕೇ ಸೆಕೆಂಡ್ ಜೋಂಪು ಹತ್ತಿದರೂ ಗಾಡಿ 65 ಮೀಟರಿಗಿಂತ ಜಾಸ್ತಿ ದೂರ ಯಾರೂ ನೋಡಿಕೊಳ್ಳದೆ ಹೋಗಿರುತ್ತದೆ. ಮುಖಕ್ಕೆ ನೀರು ಹಾಕಿಕೊಳ್ಳುವುದು, ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು ಇವು ಯಾವುವೂ ನಿದ್ದೆಯನ್ನು ತಡೆಯುವುದಿಲ್ಲ. ಎರಡು ನಿಮಿಷ ಚುರುಕು ಮಾಡಿ ಮೋಸ ಮಾಡುತ್ತವೆ.

ಹುಬ್ಬಳ್ಳಿ-ಧಾರವಾಡದ ಮಧ್ಯೆ ದಿನಾ ಓಡಾಡುವವರಿಗೆ ಚಿಗರಿ ಬಸ್ ಇದೆ, 22 ಕಿಲೋಮೀಟರ್ ಕೂತು ಹೋಗಬಹುದು. ಗದಗದಿಂದ ಹುಬ್ಬಳ್ಳಿಗೆ ರೈಲು ಇದೆ. ಇಳಿಯುವ ಊರು ದಾಟಿ ಹೋಗದಂತೆ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ, ಪಕ್ಕದವರಿಗೂ ಹೇಳಿಡಿ: "ಅಣ್ಣಾರ, ಅಣ್ಣಿಗೇರಿ ಬಂದರ ಎಬ್ಬಸ್ರಿ." ಯಾರೂ ಇಲ್ಲ ಅನ್ನುವುದಿಲ್ಲ. ಅನಿವಾರ್ಯವಾಗಿ ಓಡಿಸಲೇಬೇಕಾಗಿ ಬಂದು ದಾರಿಯಲ್ಲಿ ಕಣ್ಣು ಎಳೆಯಲು ಶುರುವಾದರೆ ಗಾಡಿಯನ್ನು ರಸ್ತೆಯಿಂದ ದೂರ ನಿಲ್ಲಿಸಿ, ಒಂದು ಕಪ್ ಸ್ಟ್ರಾಂಗ್ ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಕಾಫಿ ಮೈಗೆ ಹತ್ತಲು ಅಷ್ಟು ಹೊತ್ತು ಬೇಕು, ಏಳುವಷ್ಟರಲ್ಲಿ ಎರಡೂ ಕೆಲಸ ಮಾಡಿರುತ್ತವೆ. ಇದು ಆಪತ್ತಿಗೆ ಮಾತ್ರ, ದಿನದ ಪದ್ಧತಿ ಮಾಡಿಕೊಳ್ಳಬೇಡಿ.

ಡ್ರೈವಿಂಗೇ ಹೊಟ್ಟೆಪಾಡಾಗಿದ್ದರೆ? ಲಾರಿ, ಟಂಟಂ, ಶಾಲೆ ವ್ಯಾನ್ ಓಡಿಸುವವರು ಡಾಕ್ಟರಿಗೆ ಇದನ್ನು ಮುಚ್ಚಿಡಬೇಡಿ. ಕೆಲಸ ಹೋಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ "ನಾನು ಡ್ರೈವರ್, ಓಡಿಸುವಾಗ ನಿದ್ದೆ ಬರುತ್ತದೆ" ಅಂದರೆ ಡಾಕ್ಟರ್ ನಿಮಗೆ ಇನ್ನೂ ಬೇಗನೆ ತಾರೀಖು ಕೊಡಲು ನೋಡುತ್ತಾರೆ. ರಸ್ತೆಯಷ್ಟೇ ಅಲ್ಲ. ನಮ್ಮ ಪ್ರೆಸ್‌ನಲ್ಲಿ ಕಾಗದ ಕತ್ತರಿಸುವ ಮೆಷಿನ್ ಇದೆ, ಅದರ ಹತ್ತಿರ ನಾನೀಗ ಹೋಗುವುದಿಲ್ಲ. ಹೊಲದವರು ಟ್ರ್ಯಾಕ್ಟರ್, ರಾಶಿ ಮೆಷಿನ್, ಮೇವು ಕತ್ತರಿಸುವ ಮೆಷಿನ್ ಇವನ್ನು ಮನೆಯ ಬೇರೆಯವರಿಗೆ ಬಿಡಿ. ಗ್ಯಾಸ್ ಮೇಲೆ ಹಾಲು ಇಟ್ಟರೆ ಅಲ್ಲೇ ನಿಲ್ಲಿ, ಕುರ್ಚಿ ಹಾಕಿಕೊಂಡು ಕೂಡಬೇಡಿ. ಎಳೆಗೂಸನ್ನು ಎತ್ತಿಕೊಂಡು ಸೋಫಾದಲ್ಲಿ ಒರಗಲೇಬೇಡಿ.

ತಾರೀಖು ಕೊಟ್ಟರು ಅಂತ ಸುಮ್ನೆ ಕೂಡಬೇಡಿ

ತಾರೀಖು ಬರೆದ ಚೀಟಿ ತಗೊಂಡು ಮನೆಗೆ ಬಂದು ಎರಡು ವಾರ ನಾನು ಏನೂ ಮಾಡಲಿಲ್ಲ. ಅದು ತಪ್ಪು. ಮೂರನೇ ವಾರ ಫೋನ್ ಮಾಡಿ, "ಯಾರಾದರೂ ಬರದಿದ್ದರೆ ನನ್ನನ್ನು ಕರೆಯಿರಿ, ಬೆಳಿಗ್ಗೆ ಹೇಳಿದರೆ ಸಂಜೆ ರೈಲಿಗೆ ಬರುತ್ತೇನೆ" ಅಂತ ಹೆಸರು ಬರೆಸಿದೆ. ಇದನ್ನು ಮೊದಲ ದಿನವೇ ಮಾಡಿ.

ಇನ್ನೂ ಮೊದಲ ಟೆಸ್ಟೇ ಆಗದವರು ಮನೆಯಲ್ಲೇ ಮಾಡುವ ಸ್ಲೀಪ್ ಟೆಸ್ಟ್ ನಿಮಗೆ ಸಾಕಾಗುತ್ತದಾ ಅಂತ ಡಾಕ್ಟರಿಗೆ ಕೇಳಿ. ಬೆರಳಿಗೆ, ಎದೆಗೆ, ಮೂಗಿಗೆ ಕಟ್ಟುವ ಚಿಕ್ಕ ಸಾಧನ ಕೊಡುತ್ತಾರೆ, ಒಂದು ರಾತ್ರಿ ಕಟ್ಟಿಕೊಂಡು ಮಲಗಿ ವಾಪಸ್ ಕೊಟ್ಟರೆ ಆಯಿತು. ಹೃದಯದ, ಶ್ವಾಸಕೋಶದ ದೊಡ್ಡ ತೊಂದರೆ ಇದ್ದವರಿಗೆ ಇದು ಆಗುವುದಿಲ್ಲ, ಅವರಿಗೆ ಆಸ್ಪತ್ರೆಯ ಟೆಸ್ಟೇ ಬೇಕು. ಟೆಸ್ಟ್ ಆಗಿ ನನ್ನ ಹಾಗೆ ಒತ್ತಡ ನೋಡುವ ರಾತ್ರಿಗಾಗಿ ಕಾಯುವವರು, ತಾನೇ ಒತ್ತಡ ಹೊಂದಿಸಿಕೊಳ್ಳುವ ಆಟೋ ಮೆಷಿನ್ ಬಾಡಿಗೆಗೆ ತಂದು ಮನೆಯಲ್ಲೇ ಶುರು ಮಾಡಬಹುದಾ ಅಂತ ಕೇಳಿ. ಎಷ್ಟೋ ಜನರಿಗೆ ಹಾಗೆ ಮಾಡುತ್ತಾರೆ. ನನ್ನ ಆಕ್ಸಿಜನ್ ಜಾಸ್ತಿ ಇಳಿದಿತ್ತು, ಅದಕ್ಕೆ ಬೇಡ ಅಂದರು. ಕೇಳಿದ್ದಕ್ಕೆ ಕಾರಣವಾದರೂ ಗೊತ್ತಾಯಿತು.

ಕೇಳಲು ಹೋಗುವಾಗ ಬರೀ "ಭಾಳ ಸುಸ್ತು ಆಗತೈತ್ರಿ" ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ಎಪ್‌ವರ್ತ್ ಅಂತ ಒಂದು ಪ್ರಶ್ನೆಪಟ್ಟಿ ಇದೆ, 1991ರಿಂದ ಜಗತ್ತಿನ ಎಲ್ಲಾ ಕಡೆ ಬಳಸುತ್ತಾರೆ. ಕೂತು ಓದುವಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ ಕೂತಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಹೀಗೆ ಎಂಟು ಸಂದರ್ಭದಲ್ಲಿ ತೂಕಡಿಕೆ ಎಷ್ಟು ಬರುತ್ತದೆ ಅಂತ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿಕೊಳ್ಳಬೇಕು. ಒಟ್ಟು 24. 10 ದಾಟಿದರೆ ಹಗಲಿನ ನಿದ್ದೆ ಜಾಸ್ತಿ ಅಂತ ಲೆಕ್ಕ. ನನ್ನದು 17. "17 ಇದೆ, ಸಿಗ್ನಲ್‌ನಲ್ಲಿ ನಿಂತಲ್ಲೇ ನಿದ್ದೆ ಹೋಗಿದ್ದೆ" ಅಂದಾಗ ಎದುರಿಗಿದ್ದವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಮಗಳ ರೆಕಾರ್ಡಿಂಗ್ ಕೂಡ ಹಾಗೇ ಕೆಲಸಕ್ಕೆ ಬಂತು. ನಿಮ್ಮ ಮನೆಯಲ್ಲೂ ಯಾರಿಗಾದರೂ ಎರಡು ನಿಮಿಷ ವಿಡಿಯೋ ಮಾಡಿಡಲು ಹೇಳಿ.

ಅಂಗಾತ ಮಲಗಬೇಡಿ

ಅಂಗಾತ ಮಲಗಿದರೆ ನಾಲಗೆ, ಮೆತ್ತಗಿನ ಅಂಗುಳ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತವೆ. ಎಷ್ಟೋ ಜನರಿಗೆ ಹೀಗೆ ಮಲಗಿದಾಗಲೇ ತೊಂದರೆ ಜಾಸ್ತಿ. ರಿಪೋರ್ಟಿನಲ್ಲಿ ಮಲಗಿದ ಭಂಗಿಯ ಪ್ರಕಾರ ಎಎಚ್‌ಐ ಬೇರೆ ಬೇರೆ ಕೊಟ್ಟಿರುತ್ತಾರೆ, ನೋಡಿ. ನನ್ನದು ಅಂಗಾತ 52, ಮಗ್ಗುಲಾಗಿ 21. 21 ಕೂಡ ಒಳ್ಳೆಯದೇನಲ್ಲ, ಆದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧಕ್ಕಿಂತ ಕಡಿಮೆ ಆಯಿತಲ್ವಾ?

ನಿದ್ದೆಯಲ್ಲಿ ಹೊರಳದಂತೆ ಮಾಡುವುದೇ ಕಷ್ಟ. ಬೆನ್ನಿಗೆ ದಿಂಬು ಕೊಟ್ಟು ನೋಡಿದೆ, ಬೆಳಿಗ್ಗೆ ಅದು ನೆಲದ ಮೇಲಿರುತ್ತಿತ್ತು. ಆಮೇಲೆ ಹಳೇ ಟೀಶರ್ಟಿನ ಹಿಂಭಾಗಕ್ಕೆ, ಎರಡು ರೆಕ್ಕೆ ಮೂಳೆಗಳ ನಡುವೆ, ಬ್ಲೌಸ್ ಪೀಸಿನ ಒಂದು ಚೀಲ ಹೊಲಿದೆ. ಅದರಲ್ಲಿ ಹುಡುಗರು ಆಡುವ ಟೆನಿಸ್ ಬಾಲ್ ಹಾಕಿ ಬಾಯಿ ಹೊಲಿದುಬಿಟ್ಟೆ. ಅಂಗಾತ ಆದರೆ ಚೆಂಡು ಒತ್ತುತ್ತದೆ, ಎಚ್ಚರವಾಗದೆಯೇ ಮೈ ಮಗ್ಗುಲಿಗೆ ತಿರುಗುತ್ತದೆ. ಮೊದಲ ಎರಡು ರಾತ್ರಿ ಕಿರಿಕಿರಿ, ಮೂರನೇ ರಾತ್ರಿಯಿಂದ ಅಭ್ಯಾಸ. ಮೊಣಕಾಲುಗಳ ನಡುವೆ ಒಂದು ಸಣ್ಣ ದಿಂಬು ಇಟ್ಟುಕೊಂಡರೆ ಸೊಂಟ ನೋಯುವುದಿಲ್ಲ.

ತಲೆಯ ಕಡೆ ಎತ್ತರ ಮಾಡಿ. ದಿಂಬಿನ ಮೇಲೆ ದಿಂಬು ಹಾಕಬೇಡಿ, ಕುತ್ತಿಗೆ ಮಡಚಿ ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಬೆನ್ನಿನಿಂದಲೇ ಇಳಿಜಾರು ಬರಬೇಕು. ಮಂಚ ಇದ್ದರೆ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಡಿ. ನಮ್ಮದು ನೆಲದ ಹಾಸಿಗೆ, ಅದಕ್ಕೆ ಅತ್ತೆಯವರ ಎರಡು ಹಳೇ ಕೌದಿಗಳನ್ನು ಮೆಟ್ಟಿಲಿನ ಹಾಗೆ ಮಡಚಿ ಗಾದಿಯ ಕೆಳಗೆ ಹಾಕಿದ್ದೇನೆ. ಹುಳಿತೇಗು ಬರುವುದೂ ಕಡಿಮೆಯಾಯಿತು.

ಮೂಗು ಕಟ್ಟಿದ್ದರೆ ಬಾಯಲ್ಲಿ ಉಸಿರಾಡುತ್ತೀರಿ, ಗೊರಕೆ ಹೆಚ್ಚುತ್ತದೆ. ಪ್ರೆಸ್ಸಿನ ಕಾಗದದ ಧೂಳಿನಿಂದ ನನಗೆ ಸಂಜೆ ಹೊತ್ತಿಗೆ ಮೂಗು ಬಂದ್. ಮಲಗುವ ಮುಂಚೆ ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತೇನೆ. ಕುದಿಸಿ ಆರಿಸಿದ ನೀರೇ ಆಗಬೇಕು, ನಳದ ನೀರು ಬೇಡ. ರಾತ್ರಿ ಊಟ ಎಂಟರ ಒಳಗೆ, ಹೊಟ್ಟೆ ಬಿರಿಯುವಷ್ಟು ಬೇಡ.

ಕುಡಿಯುವ ಅಭ್ಯಾಸ ಇದ್ದವರು ಈ ದಿನಗಳಲ್ಲಾದರೂ ಪೂರ್ತಿ ಬಿಡಿ. ಮದ್ಯ ಗಂಟಲನ್ನು ಇನ್ನಷ್ಟು ಸಡಿಲ ಮಾಡಿ ಉಸಿರು ನಿಲ್ಲುವ ಹೊತ್ತನ್ನು ಉದ್ದ ಮಾಡುತ್ತದೆ. ನಿದ್ದೆ ಮಾತ್ರೆಯೂ ಹಾಗೇ ಅಪಾಯ. ಸುಸ್ತಾಗಿದೆ, ಒಂದು ರಾತ್ರಿ ಗಡದ್ದಾಗಿ ನಿದ್ದೆ ಬರಲಿ ಅಂತ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳಬೇಡಿ. ಉಸಿರು ನಿಂತಾಗ ಎಬ್ಬಿಸುವ ಮೆದುಳನ್ನೇ ಅದು ಮಂಕು ಮಾಡುತ್ತದೆ. ಮೊದಲಿಂದ ಡಾಕ್ಟರ್ ಬರೆದುಕೊಟ್ಟು ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ತಪ್ಪು, ಆಪ್ನಿಯಾ ಇದೆ ಅಂತ ಅವರಿಗೆ ಹೇಳಿ. ನೆಗಡಿ, ಕೆಮ್ಮಿಗೆ ಕೊಡುವ ಮಂಪರು ಬರಿಸುವ ಔಷಧಕ್ಕೂ ಇದೇ ಮಾತು. ಬಾಯಿಗೆ ಟೇಪ್ ಹಚ್ಚಿಕೊಂಡು ಮಲಗುವ ವಿಡಿಯೋಗಳು ಫೋನಿನಲ್ಲಿ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ. ಉಸಿರಿಗೆ ಇರುವ ಇನ್ನೊಂದು ಬಾಗಿಲನ್ನೂ ಮುಚ್ಚಿದ ಹಾಗೆ ಅದು.

ಹಗಲು ಹೇಗೆ ಕಳೆಯುವುದು

ಇಡೀ ದಿನ ಒಂದೇ ಥರ ಸುಸ್ತು ಇರುವುದಿಲ್ಲ, ಇದನ್ನು ನಾನು ತಡವಾಗಿ ಗಮನಿಸಿದೆ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಒಂದು ವಾರ ಬರೆದಿಟ್ಟೆ, ಎಷ್ಟು ಹೊತ್ತಿಗೆ ತಲೆ ತಿಳಿಯಾಗಿತ್ತು, ಎಷ್ಟು ಹೊತ್ತಿಗೆ ಕಣ್ಣು ಎಳೆಯಿತು ಅಂತ. ಹತ್ತರಿಂದ ಹನ್ನೆರಡೂವರೆ ನನ್ನ ಒಳ್ಳೇ ಹೊತ್ತು. ಪ್ರೂಫ್ ಎಲ್ಲಾ ಈಗ ಆ ಹೊತ್ತಿಗೇ. ಮಧ್ಯಾಹ್ನ ಎರಡರಿಂದ ನಾಲ್ಕು ಏನೂ ತಲೆಗೆ ಹೋಗುವುದಿಲ್ಲ, ಆಗ ಫೈಲ್ ಹೊಂದಿಸುವುದು, ಗಿರಾಕಿಗಳಿಗೆ ಫೋನ್ ಮಾಡುವುದು. ಆಗ ಕೂತೇ ಇದ್ದರೆ ತೂಕಡಿಕೆ ಗ್ಯಾರಂಟಿ, ಅದಕ್ಕೆ ನಿಂತು ಮಾಡುವ ಕೆಲಸ ಇಟ್ಟುಕೊಂಡಿದ್ದೇನೆ.

ತಾರೀಖು, ವಾರ, ಮುಹೂರ್ತ, ಹೆಸರು, ಈ ನಾಲ್ಕನ್ನು ಈಗ ನಾನೊಬ್ಬಳೇ ನೋಡುವುದಿಲ್ಲ. ಬೈಂಡಿಂಗ್ ಹುಡುಗನಿಗೆ ಜೋರಾಗಿ ಓದಿ ಹೇಳುತ್ತೇನೆ, ಅವನು ಕ್ಯಾಲೆಂಡರ್ ನೋಡಿ "ಹೂಂ ಅಕ್ಕಾ" ಅಂದ ಮೇಲೇ ಅಚ್ಚಿಗೆ. ನೀವೂ ನಿಮ್ಮ ಕೆಲಸದಲ್ಲಿ ತಪ್ಪಿದರೆ ಕೈಸುಡುವಂಥವು ಯಾವುವು ಅಂತ ಆರಿಸಿ. ದುಡ್ಡು ಎಣಿಸುವುದು, ಅತ್ತೆ-ಮಾವನ ಗುಳಿಗೆ ಕೊಡುವುದು, ಬ್ಯಾಂಕಿನ ಸಂಖ್ಯೆ ತುಂಬುವುದು. ಅಂಥವನ್ನು ಮಾತ್ರ ಎರಡನೇ ಕಣ್ಣಿಗೆ ಒಪ್ಪಿಸಿ, ಎಲ್ಲವನ್ನೂ ಅನುಮಾನಿಸುತ್ತಾ ಹೋದರೆ ಇನ್ನೂ ದಣಿಯುತ್ತೀರಿ.

ಚಹಾ ಬಿಡಿ ಅನ್ನುವುದಿಲ್ಲ, ನಮ್ಮ ಕಡೆ ಅದು ಆಗದ ಮಾತು. ಮಧ್ಯಾಹ್ನ ಎರಡರ ಮೇಲೆ ಬೇಡ. ಅದರಲ್ಲಿನ ಕೆಫೀನ್ ಅರ್ಧ ಇಳಿಯಲು ಐದು ಗಂಟೆಯಷ್ಟು ಬೇಕು, ಸಂಜೆಯ ಚಹಾ ಇರುವ ನಿದ್ದೆಯನ್ನೂ ತಿನ್ನುತ್ತದೆ. ಮಧ್ಯಾಹ್ನ ಮಲಗುವುದಾದರೆ 20 ನಿಮಿಷ, ಅದೂ ಮಗ್ಗುಲಾಗಿ, ಮೂರು ಗಂಟೆಯೊಳಗೆ. ರಾತ್ರಿ "ಹೇಗೂ ನಿದ್ದೆಯಿಂದ ಉಪಯೋಗ ಇಲ್ಲ" ಅಂತ ಫೋನ್ ಹಿಡಿದು ಹನ್ನೆರಡು ಮಾಡಬೇಡಿ. ಕೆಟ್ಟ ನಿದ್ದೆಯನ್ನೂ ಕಡಿಮೆ ಮಾಡಿದರೆ ಇನ್ನೂ ಕೆಡುತ್ತದೆ.

ಕಾಯುವ ದಿನಗಳಲ್ಲಿ ರಕ್ತದ ಟೆಸ್ಟ್ ಮುಗಿಸಿಕೊಳ್ಳಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್. ಆಪ್ನಿಯಾ ಇದೆ ಅಂದರೆ ಬೇರೆ ಯಾವುದೂ ಇಲ್ಲ ಅಂತ ಅರ್ಥವಲ್ಲ. ನನ್ನ ಹಿಮೋಗ್ಲೋಬಿನ್ 9.8 ಬಂತು. ಕಬ್ಬಿಣದ ಗುಳಿಗೆ ಕೊಟ್ಟರು, ಚಹಾದ ಜೊತೆ ತಗೊಂಡರೆ ಮೈಗೆ ಹತ್ತುವುದಿಲ್ಲ, ಲಿಂಬೆ ಶರಬತ್ತಿನ ಜೊತೆ ತಗೊಳ್ಳಿ ಅಂದರು. ಮೂರು ವಾರದಲ್ಲಿ ಮೆಟ್ಟಿಲು ಹತ್ತುವಾಗಿನ ಏದುಸಿರು ಸ್ವಲ್ಪ ಕಡಿಮೆಯಾಗಿದೆ. ಬಿಪಿ ಕೂಡ ವಾರಕ್ಕೆ ಎರಡು ಸಲ, ಬೆಳಿಗ್ಗೆ ಎದ್ದ ಮೇಲೆ ನೋಡಿಸಿ. ಆಪ್ನಿಯಾ ಬಿಪಿ ಏರಿಸುತ್ತದೆ. ತೂಕ ಜಾಸ್ತಿ ಇದ್ದರೆ ಇಳಿಸುವುದು ಒಳ್ಳೆಯದೇ, ಆದರೆ ಈ ಸುಸ್ತಿನಲ್ಲಿ ಉಪವಾಸ ಬಿದ್ದು, ಜಿಮ್ಮಿಗೆ ಹೋಗಿ ಇಳಿಸಲು ಹೊರಡಬೇಡಿ. ಸಂಜೆ ಅರ್ಧ ಗಂಟೆ ನಡೆಯಿರಿ, ಕರಿದದ್ದು ಬಿಡಿ, ಉಳಿದದ್ದು ನಿದ್ದೆ ಸರಿಯಾದ ಮೇಲೆ. "ಮೊದಲು ತೂಕ ಇಳಿಸು, ಮೆಷಿನ್ ಆಮೇಲೆ ನೋಡೋಣ" ಅಂತ ಮನೆಯವರು ಅಂದರೆ ಒಪ್ಪಬೇಡಿ.

ಈ ನಡುವೆ ಹಲ್ಲು, ಗರ್ಭಕೋಶ, ಕಣ್ಣು, ಯಾವುದೇ ಆಪರೇಷನ್ ಇದ್ದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಆಪ್ನಿಯಾ ಇದೆ ಅಂತ ಮೊದಲೇ ಹೇಳಬೇಕು. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ತಾರೀಖಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮನೆಯವರಿಗೆ ಹೇಳುವುದು

"ನಿದ್ದಿಗೂ ದವಾಖಾನಿ ಏನ?" ಅಂತ ನಮ್ಮ ಅತ್ತೆ ಕೇಳಿದ್ದರು. ಬೈಗುಳವಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ವಾದ ಮಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ, ಮಗಳು ಆ ರೆಕಾರ್ಡಿಂಗ್ ಹಾಕಿದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ಇಪ್ಪತ್ತಮೂರಕ್ಕೆ ಉಸಿರು ಬಂದಾಗ ಅವರೂ ಉಸಿರು ಬಿಟ್ಟರು. ಮರುದಿನ ನಾನು ಏಳುವಷ್ಟರಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. "ನೀ ಇನ್ನೊಂದ್ ತಾಸು ಮಲಕೋ, ಮಗ್ಗಲಾಗಿ ಮಲಕೋ" ಅಂದರು. ಎರಡು ವರ್ಷದಿಂದ ರೊಟ್ಟಿ ನನ್ನ ಪಾಲಿನ ಕೆಲಸವಾಗಿತ್ತು.

ಮಾಲಕರಿಗೂ ಹೇಳಿದೆ, ರಿಪೋರ್ಟ್ ತೋರಿಸಿಯೇ ಹೇಳಿದೆ. ಏನು ಬೇಕು ಅನ್ನುವುದನ್ನೂ ಸ್ಪಷ್ಟವಾಗಿ ಕೇಳಿದೆ: ಪ್ರೂಫ್ ಬೆಳಿಗ್ಗೆ ಮಾತ್ರ, ರಾತ್ರಿ ಓವರ್‌ಟೈಮ್ ಇಲ್ಲ, ಎರಡು ತಿಂಗಳು. ಎಷ್ಟು ದಿನ ಅಂತ ಹೇಳಿದರೆ ಎದುರಿನವರಿಗೆ ಒಪ್ಪುವುದು ಸುಲಭ. ಸಿಟ್ಟು ಬರುತ್ತದೆ, ಸಣ್ಣದಕ್ಕೂ ಅಳು ಬರುತ್ತದೆ, ಅದೂ ನಿದ್ದೆಗೇಡಿನದೇ ಕೆಲಸ. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮೆಷಿನ್ ಬಗ್ಗೆ ಈಗಲೇ ವಿಚಾರಿಸಿ

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಜೀವನವಿಡೀ ಮಲಗಬೇಕಾ ಅಂತ ನಾನೂ ಒಂದು ರಾತ್ರಿ ಅತ್ತಿದ್ದೆ. ಆಮೇಲೆ ಓದಿದೆ. ಮುಂಚೆ ಈ ಕಾಯಿಲೆ ಜೋರಾದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತಿದ್ದರಂತೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ಡಾಕ್ಟರ್, ಮೂಗಿನಿಂದ ಸ್ವಲ್ಪ ಒತ್ತಡದಲ್ಲಿ ಗಾಳಿ ಬಿಟ್ಟರೆ ಗಂಟಲು ಮುಚ್ಚುವುದಿಲ್ಲ ಅಂತ 1981ರಲ್ಲಿ ತೋರಿಸಿಕೊಟ್ಟರು. ಅಷ್ಟೇ ಇದರ ಗುಟ್ಟು, ಗಾಳಿ. ಆಕ್ಸಿಜನ್ ಸಿಲಿಂಡರ್ ಅಲ್ಲ, ಔಷಧವೂ ಅಲ್ಲ. ಅದನ್ನು ಓದಿದ ಮೇಲೆ ನನಗೆ ಮಾಸ್ಕ್ ಭಯ ಇಳಿಯಿತು.

ಬೆಲೆ ಹತ್ತಾರು ಸಾವಿರ. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಮೆಷಿನ್ನಿನ ದುಡ್ಡು ಕೊಡುವುದಿಲ್ಲ, ಆದರೂ ನಿಮ್ಮ ಪಾಲಿಸಿ ತೆಗೆದು ಓದಿ. ಕೇಂದ್ರ ಸರ್ಕಾರದ ನೌಕರರಿಗೆ, ಪಿಂಚಣಿದಾರರಿಗೆ ಅವರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಅವಕಾಶ ಇದೆ, ಕೊಳ್ಳುವ ಮುಂಚೆ ಅನುಮತಿ ಕೇಳಬೇಕು. ಹುಬ್ಬಳ್ಳಿಯ ರೈಲ್ವೆಯವರು ತಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಉಳಿದವರು ಮೊದಲು ಒಂದು ತಿಂಗಳು ಬಾಡಿಗೆಗೆ ತಗೊಳ್ಳುವುದು ಒಳ್ಳೆಯದು. ಮೆಷಿನ್ನಿಗಿಂತ ಮಾಸ್ಕ್ ಮುಖ್ಯ, ಮುಖಕ್ಕೆ ಹೊಂದದಿದ್ದರೆ ಬದಲಿಸಿಕೊಡುತ್ತೀರಾ ಅಂತ ಅಂಗಡಿಯವರಿಗೆ ಕೇಳಿ. ಹಳೇ ಮೆಷಿನ್ ಅಗ್ಗಕ್ಕೆ ಸಿಕ್ಕರೆ ಕಂಪನಿ, ಮಾಡೆಲ್ ನೋಡಿಕೊಳ್ಳಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗುವ ಕಾರಣಕ್ಕೆ ಲಕ್ಷಾಂತರ ಮೆಷಿನ್ ವಾಪಸ್ ಕರೆಸಿಕೊಂಡಿತ್ತು, ಅಂಥದ್ದು ಮನೆಗೆ ಬರಬಾರದು. ನಮ್ಮಲ್ಲಿ ರಾತ್ರಿ ಕರೆಂಟ್ ಹೋಗುವುದು ಇದ್ದದ್ದೇ, ಮನೆಯ ಇನ್ವರ್ಟರ್ ಮೇಲೆ ಓಡುತ್ತದಾ ಅಂತಲೂ ಕೇಳಿಟ್ಟುಕೊಳ್ಳಿ.

ಆ ರಾತ್ರಿಗೆ ಚೀಲ

ನನ್ನ ತಾರೀಖು ಬರುವ ಮಂಗಳವಾರ. ಮೊದಲ ಸಲ ಗೊತ್ತಿಲ್ಲದೆ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಿದ್ದೆ. ತಲೆಗೆ ಅಂಟಿಸುವ ವೈರುಗಳು ನಿಲ್ಲದೆ ಆ ಹುಡುಗಿ ಸ್ಪಿರಿಟ್ ಹಚ್ಚಿ ಹಚ್ಚಿ ಒರೆಸಿದಳು, ಮುಕ್ಕಾಲು ಗಂಟೆ ಹಿಡಿಯಿತು. ಈ ಸಲ ಅವತ್ತು ಬೆಳಿಗ್ಗೆಯೇ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಹೋಗುತ್ತೇನೆ. ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕುತ್ತಾರೆ, ನೇಲ್ ಪಾಲಿಶ್ ಇರಬಾರದು. ಮಧ್ಯಾಹ್ನ ಮಲಗುವುದಿಲ್ಲ, ಊಟವಾದ ಮೇಲೆ ಚಹಾ ಇಲ್ಲ. ಚೀಲದಲ್ಲಿ ಗುಂಡಿ ಇರುವ ಸಡಿಲ ನೈಟಿ, ನನ್ನದೇ ದಿಂಬು, ದಿನಾ ತಗೊಳ್ಳುವ ಗುಳಿಗೆ ಮತ್ತು ಅವುಗಳ ಹೆಸರು ಬರೆದ ಚೀಟಿ, ಹಳೇ ರಿಪೋರ್ಟ್, ಕ್ಯಾಲೆಂಡರಿನಿಂದ ಹರಿದ ಆ ಒಂದು ಹಾಳೆ. ಚೆಂಡಿನ ಟೀಶರ್ಟ್ ಬೇಡ, ಅಂಗಾತ ಮಲಗಿದಾಗ ಎಷ್ಟು ಒತ್ತಡ ಬೇಕು ಅಂತಲೂ ಅವರು ನೋಡಬೇಕು. ತಲೆಗೆ ಕಟ್ಟಿಕೊಳ್ಳಲು ಒಂದು ಸ್ಕಾರ್ಫ್, ಏಕೆಂದರೆ ಬೆಳಿಗ್ಗೆ ಕೂದಲಿನ ತುಂಬ ಅಂಟು ಇರುತ್ತದೆ, ಹಾಗೇ ಗದಗಿನ ರೈಲು ಹತ್ತಬೇಕು.